ರೊಸಾಲಿಂಡ್ ಫ್ರಾಂಕ್ಲಿನ್: ಎಕ್ಸ್‌-ರೇ ಕೊಂದಿತೇ? ನೊಬೆಲ್ ಕಸಿದುಕೊಂಡರೇ?

ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಸಂದೇಶವಿದೆ. ಮಹಿಳಾ ದಿನಾಚರಣೆ ಬಂದರಂತೂ ತಪ್ಪುವುದೇ ಇಲ್ಲ. ಒಬ್ಬ ಯುವತಿಯ ಕಪ್ಪು-ಬಿಳುಪು ಫೋಟೊ, ಅದರ ಕೆಳಗೆ ಹತ್ತು ಸಾಲು. ಡಿಎನ್‌ಎ ಕಂಡುಹಿಡಿದದ್ದು ಈಕೆ, ಈಕೆ ತೆಗೆದ ಫೋಟೊವನ್ನು ಕದ್ದು ಮೂವರು ಗಂಡಸರು ನೊಬೆಲ್ ಹೊಡೆದುಕೊಂಡರು, ಆ ಫೋಟೊಗೆ ಬಳಸಿದ ಎಕ್ಸ್‌-ರೇಯೇ ಈಕೆಗೆ ಕ್ಯಾನ್ಸರ್ ತಂದು 37ನೇ ವಯಸ್ಸಿಗೆ ಪ್ರಾಣ ತೆಗೆಯಿತು ಎಂದು ಬರೆದಿರುತ್ತದೆ. ಕೊನೆಗೆ, ಎಲ್ಲರಿಗೂ ಕಳಿಸಿ ಎಂಬ ಸೂಚನೆ.

ಸಂದೇಶ ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದರಲ್ಲಿ ನಿಜ, ಅರ್ಧ ನಿಜ ಮತ್ತು ಪುರಾವೆಯೇ ಇಲ್ಲದ ಮಾತು ಮೂರೂ ಕಲಸಿಹೋಗಿವೆ. ಡಿಎನ್‌ಎಯನ್ನು ಕಂಡುಹಿಡಿದವರು ಈಕೆಯಲ್ಲ. 1869ರಲ್ಲೇ ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಶರ್ ಅದನ್ನು ಜೀವಕೋಶಗಳಿಂದ ಬೇರ್ಪಡಿಸಿದ್ದರು. ಆ ಅಣು ನೋಡಲು ಹೇಗಿದೆ, ಅದರ ರಚನೆ ಏನು ಎಂಬುದು 1950ರ ದಶಕದ ಪ್ರಶ್ನೆ. ಆ ಉತ್ತರದಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪಾಲು ದೊಡ್ಡದು. ಇನ್ನು ಕ್ಯಾನ್ಸರಿನ ವಿಷಯ. ಸಂದೇಶಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಆ ಭಾಗದಲ್ಲೇ ನಮ್ಮ ಓದುಗರಿಗೆ ತಿಳಿಯಬೇಕಾದದ್ದು ಬಹಳ ಇದೆ. ಹಾಗಾಗಿ ಈ ಬದುಕನ್ನು ನಾವು ಮೊದಲಿನಿಂದ ಹೇಳುತ್ತೇವೆ.

ಕಲ್ಲಿದ್ದಲಿನಿಂದ ಶುರುವಾದ ದಾರಿ

ರೊಸಾಲಿಂಡ್ ಹುಟ್ಟಿದ್ದು 1920ರ ಜುಲೈ 25ರಂದು, ಲಂಡನ್ನಿನಲ್ಲಿ. ಅನುಕೂಲಸ್ಥ ಯಹೂದಿ ಕುಟುಂಬ, ತಂದೆ ಎಲಿಸ್ ಫ್ರಾಂಕ್ಲಿನ್ ಬ್ಯಾಂಕ್ ವ್ಯವಹಾರದವರು. ಐವರು ಮಕ್ಕಳಲ್ಲಿ ಈಕೆ ಎರಡನೆಯವರು. ಹೆಣ್ಣುಮಕ್ಕಳಿಗೂ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುತ್ತಿದ್ದ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿ, 1938ರಲ್ಲಿ ಕೇಂಬ್ರಿಡ್ಜ್‌ನ ನ್ಯೂನಮ್ ಕಾಲೇಜು ಸೇರಿದರು. ಅಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳ ಜೊತೆಗೇ ಪರೀಕ್ಷೆ ಬರೆದು ಪಾಸಾಗಬಹುದಿತ್ತು, ಆದರೆ ಪೂರ್ಣ ಪ್ರಮಾಣದ ಪದವಿ ಮಾತ್ರ ಸಿಗುತ್ತಿರಲಿಲ್ಲ. ಕೇಂಬ್ರಿಡ್ಜ್ ಆ ನಿಯಮ ಬದಲಿಸಿದ್ದು 1948ರಲ್ಲಿ. ಅಷ್ಟರಲ್ಲಿ ರೊಸಾಲಿಂಡ್ ಓದು ಮುಗಿಸಿ ಏಳು ವರ್ಷವಾಗಿತ್ತು.

ಎರಡನೇ ಮಹಾಯುದ್ಧದ ಸಮಯದಲ್ಲಿ ಅವರಿಗೆ ಸಿಕ್ಕ ಕೆಲಸ ಕಲ್ಲಿದ್ದಲಿನದು. ಕಲ್ಲಿದ್ದಲು ಕಣ್ಣಿಗೆ ಗಟ್ಟಿ ಕಲ್ಲಿನಂತೆ ಕಂಡರೂ ಅದರೊಳಗೆ ಅತಿ ಸಣ್ಣ ರಂಧ್ರಗಳಿರುತ್ತವೆ. ಯಾವ ಬಗೆಯ ಕಲ್ಲಿದ್ದಲಿನಲ್ಲಿ ಎಷ್ಟು ಸಣ್ಣ ರಂಧ್ರಗಳಿವೆ, ಯಾವ ಅನಿಲ ಅವುಗಳ ಒಳಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಅವರು ಅಳೆದರು. ಕೇಂಬ್ರಿಡ್ಜ್‌ನಿಂದ 1945ರಲ್ಲಿ ಬಂದ ಪಿಎಚ್‌ಡಿ ಇದರದ್ದೇ. 1947ರಲ್ಲಿ ಪ್ಯಾರಿಸ್ಸಿಗೆ ಹೋಗಿ ಜಾಕ್ ಮೆರಿಂಗ್ ಅವರ ಬಳಿ ಎಕ್ಸ್‌-ರೇ ವಿವರ್ತನೆಯ ತಂತ್ರ ಕಲಿತರು. ಬಿಸಿ ಮಾಡಿದರೆ ಯಾವ ಇಂಗಾಲ ಗ್ರಾಫೈಟ್ ಆಗುತ್ತದೆ, ಯಾವುದು ಎಷ್ಟೇ ಕಾಯಿಸಿದರೂ ಆಗುವುದಿಲ್ಲ ಎಂಬ ಅವರ ವಿಂಗಡಣೆಯನ್ನು ಇಂಗಾಲದ ಸಂಶೋಧಕರು ಇಂದಿಗೂ ಬಳಸುತ್ತಾರೆ. ಅಂದರೆ ಡಿಎನ್‌ಎ ಕಡೆ ತಿರುಗುವ ಮೊದಲೇ ಅವರಿಗೆ ಒಂದು ಕ್ಷೇತ್ರದಲ್ಲಿ ಗಟ್ಟಿ ಹೆಸರಿತ್ತು. ಫಾರ್ವರ್ಡ್‌ಗಳಲ್ಲಿ ಈ ಕಲ್ಲಿದ್ದಲು ಕಾಣಿಸುವುದೇ ಇಲ್ಲ. ಫೋಟೊ ಕಳುವಿನ ಕತೆಗೆ ಅದು ಒಗ್ಗುವುದಿಲ್ಲ, ನೋಡಿ.

ಆ ಫೋಟೊದ ಕತೆ

1951ರ ಜನವರಿಯಲ್ಲಿ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಅಲ್ಲಿ ಮಾರಿಸ್ ವಿಲ್ಕಿನ್ಸ್ ಎಂಬ ವಿಜ್ಞಾನಿ ಆಗಲೇ ಡಿಎನ್‌ಎ ಮೇಲೆ ಕೆಲಸ ಮಾಡುತ್ತಿದ್ದರು. ವಿಭಾಗದ ಮುಖ್ಯಸ್ಥ ಜಾನ್ ರ‍್ಯಾಂಡಲ್ ಡಿಎನ್‌ಎಯ ಎಕ್ಸ್‌-ರೇ ಕೆಲಸವೆಲ್ಲ ಇನ್ನು ನಿಮ್ಮದೇ ಎಂಬ ಅರ್ಥ ಬರುವಂತೆ ರೊಸಾಲಿಂಡ್‌ಗೆ ಪತ್ರ ಬರೆದಿದ್ದರು, ವಿಲ್ಕಿನ್ಸ್‌ಗೆ ಆ ವಿಷಯ ತಿಳಿಸಿರಲಿಲ್ಲ. ರೊಸಾಲಿಂಡ್ ತಮ್ಮ ಸಹಾಯಕ್ಕೆ ಬಂದವರು ಎಂದು ವಿಲ್ಕಿನ್ಸ್ ತಿಳಿದರು. ಸ್ವತಂತ್ರವಾಗಿ ಸಂಶೋಧನೆ ಮಾಡಲು ಬಂದವಳು ನಾನು ಎಂಬುದು ರೊಸಾಲಿಂಡ್ ಅವರ ತಿಳಿವಳಿಕೆ. ಇಬ್ಬರ ನಡುವೆ ಮಾತುಕತೆ ನಿಂತೇಹೋಯಿತು. ಮೇಲಿನವರು ಮಾಡಿಟ್ಟ ಗೊಂದಲಕ್ಕೆ ಕೆಳಗಿನ ಇಬ್ಬರು ಹೊಡೆದಾಡುವುದು ನಮ್ಮ ಕಚೇರಿಗಳಿಗೆ ಹೊಸದೇನಲ್ಲ.

ರೊಸಾಲಿಂಡ್ ಅವರ ಕೆಲಸ ಮಾತ್ರ ನಿಲ್ಲಲಿಲ್ಲ. ಡಿಎನ್‌ಎ ಎಳೆಗಳ ಸುತ್ತ ತೇವಾಂಶ ಹೆಚ್ಚಿದರೆ ಅವು ಉದ್ದವಾಗುತ್ತವೆ, ಒಣಗಿದರೆ ಗಿಡ್ಡವಾಗುತ್ತವೆ ಎಂದು ಅವರು ಕಂಡುಕೊಂಡರು. ಒಣ ರೂಪಕ್ಕೆ ಎ, ಒದ್ದೆ ರೂಪಕ್ಕೆ ಬಿ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಬರುತ್ತಿದ್ದ ಚಿತ್ರಗಳು ಮಸುಕಾಗಿರಲು ಎರಡೂ ರೂಪಗಳು ಬೆರೆತಿದ್ದದ್ದು ಒಂದು ಮುಖ್ಯ ಕಾರಣ. 1952ರ ಮೇ ತಿಂಗಳಲ್ಲಿ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ರೇಮಂಡ್ ಗೊಸ್ಲಿಂಗ್ ಬಿ ರೂಪದ ಒಂದು ಎಳೆಯ ಮೇಲೆ 60 ಗಂಟೆಗೂ ಹೆಚ್ಚು ಹೊತ್ತು ಎಕ್ಸ್‌-ರೇ ಹಾಯಿಸಿ ಒಂದು ಚಿತ್ರ ತೆಗೆದರು. ನಡುವೆ ಗುಣಾಕಾರದ ಗುರುತಿನಂತೆ ಕಪ್ಪು ಚುಕ್ಕೆಗಳ ಸಾಲು. ಇದೇ ಫೋಟೊ 51. ಸುರುಳಿಯಾಕಾರದ ಅಣುವಿಗೆ ಎಕ್ಸ್‌-ರೇ ಬಡಿದಾಗ ಇಂಥ ಗುರುತು ಬೀಳುತ್ತದೆ ಎಂದು ಆ ವಿದ್ಯೆ ಬಲ್ಲವರಿಗೆ ಗೊತ್ತಿತ್ತು.

ಈ ಫೋಟೊವನ್ನು ಯಾರೂ ಬೀಗ ಒಡೆದು ಕದ್ದಿಲ್ಲ. ರೊಸಾಲಿಂಡ್ ಆಗ ಎ ರೂಪದ ಲೆಕ್ಕದಲ್ಲಿ ಮುಳುಗಿದ್ದರು, ಚಿತ್ರ ತಿಂಗಳುಗಟ್ಟಲೆ ಹಾಗೇ ಇತ್ತು. ಕಿಂಗ್ಸ್‌ನ ವಾತಾವರಣ ಸಾಕಾಗಿ ಅವರು ಬರ್ಕ್‌ಬೆಕ್ ಕಾಲೇಜಿಗೆ ಹೊರಟು ನಿಂತಾಗ ಗೊಸ್ಲಿಂಗ್ ಮತ್ತೆ ವಿಲ್ಕಿನ್ಸ್ ಕೈಕೆಳಗೆ ಬಂದರು, ಚಿತ್ರವೂ ಅವರ ಕೈಗೆ ಬಂತು. 1953ರ ಜನವರಿ 30ರಂದು ಕೇಂಬ್ರಿಡ್ಜ್‌ನಿಂದ ಬಂದಿದ್ದ ಜೇಮ್ಸ್ ವಾಟ್ಸನ್‌ಗೆ ವಿಲ್ಕಿನ್ಸ್ ಅದನ್ನು ತೋರಿಸಿದರು. ರೊಸಾಲಿಂಡ್ ಅವರನ್ನು ಕೇಳಲಿಲ್ಲ. ಫೋಟೊಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೆ. ವೈದ್ಯಕೀಯ ಸಂಶೋಧನಾ ಮಂಡಳಿಗೆಂದು 1952ರ ಕೊನೆಯಲ್ಲಿ ಕಿಂಗ್ಸ್ ಕಾಲೇಜು ಸಿದ್ಧಪಡಿಸಿದ್ದ ವರದಿಯಲ್ಲಿ ರೊಸಾಲಿಂಡ್ ಅವರ ಅಳತೆಗಳಿದ್ದವು. ಮ್ಯಾಕ್ಸ್ ಪೆರುಟ್ಜ್ ಮೂಲಕ ಆ ವರದಿ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಕೈ ಸೇರಿತು. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ ಎಂದು ಕ್ರಿಕ್‌ಗೆ ಹೊಳೆದದ್ದು ಅದರಲ್ಲಿನ ಒಂದು ಅಂಶದಿಂದ. ವರದಿ ಗುಟ್ಟಿನದೇನೂ ಆಗಿರಲಿಲ್ಲ. ಆದರೂ ಒಬ್ಬರ ದುಡಿಮೆಯನ್ನು ಅವರಿಗೆ ಹೇಳದೆ ಬಳಸಿಕೊಳ್ಳುವುದು, ಆಮೇಲೆ ಪ್ರಬಂಧದಲ್ಲಿ ಅವರ ಪಾಲನ್ನು ಒಂದು ತೇಲಿಕೆಯ ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ. ಕಳ್ಳತನ ಎಂಬ ಪದವನ್ನು ನಾವು ಬಳಸುವುದಿಲ್ಲ. ಸರಿಯಾಗಿ ನಡೆದುಕೊಂಡರು ಎಂದೂ ಹೇಳುವುದಿಲ್ಲ.

1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಪ್ರಬಂಧಗಳು ಬಂದವು. ಮೊದಲನೆಯದು ವಾಟ್ಸನ್ ಮತ್ತು ಕ್ರಿಕ್ ಅವರದು, ಎರಡನೆಯದು ವಿಲ್ಕಿನ್ಸ್ ಮತ್ತು ಜೊತೆಗಾರರದು, ಮೂರನೆಯದು ರೊಸಾಲಿಂಡ್ ಮತ್ತು ಗೊಸ್ಲಿಂಗ್ ಅವರದು. ಓದುವವರ ಕಣ್ಣಿಗೆ ಕೊನೆಯದು ಮೊದಲನೆಯದನ್ನು ಬೆಂಬಲಿಸಲು ಬರೆದಂತೆ ಕಂಡಿತು. ಅವರ ಅಳತೆ ಮೊದಲು, ಮಾದರಿ ಆಮೇಲೆ ಎಂಬುದು ಮುದ್ರಣದ ಕ್ರಮದಲ್ಲಿ ತಲೆಕೆಳಗಾಯಿತು.

ಜಿಪ್ ಹಾಕಲಾಗದ ಸ್ಕರ್ಟ್

ಬರ್ಕ್‌ಬೆಕ್‌ನಲ್ಲಿ ಅವರ ಜಾಗ ಒಂದು ಹಳೆಯ ಮನೆ. ಸೌಕರ್ಯ ಕಡಿಮೆ, ನೆಮ್ಮದಿ ಹೆಚ್ಚು. ತಂಬಾಕು ಗಿಡದ ಎಲೆಗಳಲ್ಲಿ ಮಚ್ಚೆ ಬರಿಸುವ ವೈರಸ್ ಅವರ ಹೊಸ ವಿಷಯ. ಆ ವೈರಸ್ ಒಂದು ಪೊಳ್ಳು ಕೊಳವೆಯಂತಿದೆ, ಪ್ರೊಟೀನ್ ತುಣುಕುಗಳು ಸುರುಳಿಯಾಗಿ ಜೋಡಿಸಿಕೊಂಡಿವೆ, ಅದರ ಆರ್‌ಎನ್‌ಎ ಎಳೆ ಕೊಳವೆಯ ನಡುವಿನ ಖಾಲಿ ಜಾಗದಲ್ಲಿಲ್ಲ, ಪ್ರೊಟೀನಿನ ಗೋಡೆಯೊಳಗೇ ಹುದುಗಿದೆ ಎಂದು ಅವರ ತಂಡ ತೋರಿಸಿತು. ಕೊರೋನಾ ಸಮಯದಲ್ಲಿ ವೈರಸ್ಸಿನ ಚಿತ್ರಗಳನ್ನು ನಾವೆಲ್ಲ ದಿನವೂ ನೋಡಿದೆವಲ್ಲ, ವೈರಸ್‌ಗಳ ಒಡಲನ್ನು ಹೀಗೆ ಬಿಡಿಸಿ ನೋಡುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಇವರೂ ಒಬ್ಬರು. ಏರನ್ ಕ್ಲೂಗ್ ಎಂಬ ಯುವ ವಿಜ್ಞಾನಿ ಜೊತೆಗೂಡಿದರು. ನಮಗನ್ನಿಸುವಂತೆ ಅವರ ವೃತ್ತಿಯ ಅತ್ಯಂತ ಸಂತೋಷದ ವರ್ಷಗಳು ಇವೇ.

1956ರ ಬೇಸಿಗೆಯಲ್ಲಿ ಅವರು ಕೆಲಸದ ಮೇಲೆ ಅಮೆರಿಕದಲ್ಲಿದ್ದರು. ಆಗ 36 ವರ್ಷ. ಬೆಟ್ಟ ಹತ್ತುವ ಹವ್ಯಾಸದ, ಗಟ್ಟಿಮುಟ್ಟಾದ ಹೆಂಗಸು. ಒಂದು ದಿನ ಸ್ಕರ್ಟಿನ ಜಿಪ್ ಮೇಲಕ್ಕೆ ಬರಲಿಲ್ಲ. ಹೊಟ್ಟೆ ಊದಿಕೊಂಡಿತ್ತು. ಲಂಡನ್ನಿಗೆ ಮರಳಿ ವೈದ್ಯೆಯಾಗಿದ್ದ ಗೆಳತಿಯ ಬಳಿ ಹೋದಾಗ, ಗರ್ಭಿಣಿಯೇ ಎಂದು ಮೊದಲು ಕೇಳಬೇಕಾಯಿತು. ಅಷ್ಟು ಊತವಿತ್ತು. ಸೆಪ್ಟೆಂಬರ್ 4ರಂದು ಶಸ್ತ್ರಚಿಕಿತ್ಸೆ ಮಾಡಿದಾಗ ಹೊಟ್ಟೆಯೊಳಗೆ ಎರಡು ಗಡ್ಡೆಗಳು ಸಿಕ್ಕವು. ಅಂಡಾಶಯದ ಕ್ಯಾನ್ಸರ್.

ಇಲ್ಲಿ ನಾವು ಸ್ವಲ್ಪ ನಿಲ್ಲುತ್ತೇವೆ. ನಮ್ಮ ಮನೆಗಳಲ್ಲಿ ಹೊಟ್ಟೆ ಉಬ್ಬಿದರೆ ಹೇಳುವ ಪದ ಒಂದೇ, ಗ್ಯಾಸ್ಟ್ರಿಕ್. ಓಮದ ನೀರು ಕುಡಿ, ಜೀರಿಗೆ ಕಷಾಯ ಮಾಡಿಕೊ, ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ನುಂಗು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ನಿಜವಾಗಿಯೂ ಸಾಮಾನ್ಯ ಉಬ್ಬರವೇ, ಹೆದರಬೇಕಾಗಿಲ್ಲ. ಆದರೆ ಬಾದಾಮಿ ಗಾತ್ರದ ಅಂಡಾಶಯ ಕಿಬ್ಬೊಟ್ಟೆಯ ಆಳದಲ್ಲಿ ಅಡಗಿರುವ ಅಂಗ. ಅಲ್ಲಿ ಗಡ್ಡೆ ಬೆಳೆದರೂ ಶುರುವಿನಲ್ಲಿ ಕೈಗೆ ಸಿಗುವುದಿಲ್ಲ, ನೋವೂ ಇರುವುದಿಲ್ಲ. ಕ್ಯಾನ್ಸರ್ ಕೋಶಗಳು ಉದುರಿ ಹೊಟ್ಟೆಯ ಒಳಪೊರೆಯ ಮೇಲೆ ಹರಡಿ ನೀರು ತುಂಬಿಕೊಂಡಾಗ ಹೊಟ್ಟೆ ಉಬ್ಬುತ್ತದೆ. ಉಬ್ಬರ ಬಂದು ಹೋಗದೆ ದಿನವೂ ಇರುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯಲ್ಲಿ ನೋವು, ಪದೇ ಪದೇ ಮೂತ್ರಕ್ಕೆ ಅವಸರ. ಇವು ಹೊಸದಾಗಿ ಶುರುವಾಗಿ ಎರಡು-ಮೂರು ವಾರ ಬಿಡದೆ ಕಾಡಿದರೆ ಸ್ತ್ರೀರೋಗ ತಜ್ಞರನ್ನು ನೋಡಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮತ್ತು ಸಿಎ-125 ಎಂಬ ರಕ್ತಪರೀಕ್ಷೆಯಿಂದ ಅವರು ಶುರು ಮಾಡುತ್ತಾರೆ.

ಪ್ಯಾಪ್ ಸ್ಮಿಯರ್ ಮಾಡಿಸಿದ್ದೇನೆ, ನನಗೆ ಭಯವಿಲ್ಲ ಎನ್ನುವವರಿದ್ದಾರೆ. ಅದು ಗರ್ಭಕೊರಳಿನ ಕ್ಯಾನ್ಸರ್ ಪತ್ತೆಯ ಪರೀಕ್ಷೆ, ಅಂಡಾಶಯದ್ದು ಅದರಲ್ಲಿ ತಿಳಿಯುವುದಿಲ್ಲ. ಹಾಗಾದರೆ ಯಾವ ತೊಂದರೆಯೂ ಇಲ್ಲದವರು ವರ್ಷಕ್ಕೊಮ್ಮೆ ಸಿಎ-125 ಮಾಡಿಸಿಕೊಂಡರೆ ಒಳ್ಳೆಯದಲ್ಲವೇ? ಹೆಲ್ತ್ ಪ್ಯಾಕೇಜಿನ ಜಾಹೀರಾತುಗಳು ಹಾಗೆಯೇ ಹೇಳುತ್ತವೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ವರ್ಷಗಟ್ಟಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂತು. ಲಕ್ಷಣಗಳೇ ಇಲ್ಲದವರನ್ನು ಹೀಗೆ ಪರೀಕ್ಷಿಸುತ್ತ ಹೋದದ್ದರಿಂದ ಈ ಕ್ಯಾನ್ಸರಿನ ಸಾವುಗಳು ಕಡಿಮೆಯಾಗಲಿಲ್ಲ. ಮುಟ್ಟು, ಗರ್ಭಧಾರಣೆ, ಎಂಡೊಮೆಟ್ರಿಯೊಸಿಸ್ ಇದ್ದಾಗಲೂ ಸಿಎ-125 ಏರುತ್ತದೆ. ಸುಮ್ಮನೆ ಮಾಡಿಸಿದರೆ ನಿದ್ದೆ ಕೆಡುವುದಷ್ಟೇ ಲಾಭ. ತೊಂದರೆ ಕಾಣಿಸಿದವರಿಗೆ ಮಾತ್ರ ಅದು ಬೇಕಾದ ಪರೀಕ್ಷೆ.

ಇನ್ನೊಂದು ವಿಷಯ. ಅಂಡಾಶಯದ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಹೆಚ್ಚಿನವು 50 ದಾಟಿದವರಲ್ಲಿ, ಮುಟ್ಟು ನಿಂತ ಮೇಲೆ ಬರುವಂಥವು. ಅವುಗಳಲ್ಲಿ ಬಹಳಷ್ಟು ಅಂಡನಾಳದ ತುದಿಯಲ್ಲಿ ಹುಟ್ಟಿ ಅಂಡಾಶಯಕ್ಕೆ ಬರುತ್ತವೆ ಎಂದು ಈಚಿನ ವರ್ಷಗಳಲ್ಲಿ ತಿಳಿದಿದೆ. ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ ಕಾಣುವ ಕ್ಯಾನ್ಸರ್‌ಗಳ ಜಾತಿಯೇ ಬೇರೆ. ಅವುಗಳಲ್ಲಿ ಅಂಡಾಣುವಿನ ಮೂಲಕೋಶಗಳಿಂದ ಹುಟ್ಟುವ ಗಡ್ಡೆಗಳು ಹೆಚ್ಚಾಗಿ ಕಿಮೊಥೆರಪಿಗೆ ಬಗ್ಗುತ್ತವೆ. ಸಣ್ಣ ಕೋಶದ ಕ್ಯಾನ್ಸರ್ ಎಂಬ ಅತಿ ವಿರಳ ಬಗೆಯೊಂದಿದೆ. ಅದು ಬರುವವರ ಸರಾಸರಿ ವಯಸ್ಸು ಸುಮಾರು 24, ವೇಗವಾಗಿ ಹರಡುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು ಅದರ ಸುಳಿವುಗಳಲ್ಲೊಂದು. ಸ್ಮಾರ್ಕ್‌-ಎ4 ಎಂಬ ಒಂದೇ ವಂಶವಾಹಿ ಕೆಡುವುದರಿಂದ ಅದು ಬರುತ್ತದೆ ಎಂದು 2014ರಲ್ಲಿ ಕಂಡುಹಿಡಿದರು. ಹಾಗಾಗಿ ಅಂಡಾಶಯದ ಕ್ಯಾನ್ಸರ್ ಮುದುಕಿಯರಿಗಷ್ಟೇ ಬರುವುದು ಎಂಬ ಮಾತೂ ಪೂರ್ತಿ ಸರಿಯಲ್ಲ. 40ರ ಒಳಗೆ ಬರುವುದು ಅಪರೂಪ, ಬರುವುದೇ ಇಲ್ಲವೆಂದಲ್ಲ.

ಉಳಿದ ಇಪ್ಪತ್ತು ತಿಂಗಳು

ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳಲು ರೊಸಾಲಿಂಡ್ ಕೆಲವು ದಿನ ಉಳಿದದ್ದು ಯಾರ ಮನೆಯಲ್ಲಿ ಗೊತ್ತೇ? ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಪತ್ನಿ ಒಡೀಲ್ ಅವರ ಮನೆಯಲ್ಲಿ. ಫಾರ್ವರ್ಡ್ ಕತೆಯ ಖಳನಾಯಕನ ಮನೆಯಲ್ಲೇ! ಡಿಎನ್‌ಎ ನಂತರದ ವರ್ಷಗಳಲ್ಲಿ ಅವರು ಒಳ್ಳೆಯ ಸ್ನೇಹಿತರಾಗಿದ್ದರು, ವೈರಸ್ಸುಗಳ ಬಗ್ಗೆ ಪತ್ರ ಬರೆದು ಚರ್ಚಿಸುತ್ತಿದ್ದರು. ತಮ್ಮ ಅಳತೆಗಳು ಕೇಂಬ್ರಿಡ್ಜ್ ತಲುಪಿದ ಬಗೆ ಅವರಿಗೆ ಪೂರ್ತಿ ತಿಳಿದಿತ್ತೆನ್ನಲು ಯಾವ ದಾಖಲೆಯೂ ಸಿಕ್ಕಿಲ್ಲ ಎಂಬುದನ್ನೂ ಇದರ ಜೊತೆಗೆ ಹೇಳಬೇಕು.

ಆ ಕಾಲದಲ್ಲಿ ಈ ರೋಗಕ್ಕೆ ಇದ್ದ ಚಿಕಿತ್ಸೆ ಕಡಿಮೆ. ಗಡ್ಡೆ ಕತ್ತರಿಸಿ ತೆಗೆಯುವುದು, ವಿಕಿರಣ ಕೊಡುವುದು. ಕಿಮೊಥೆರಪಿ ಇನ್ನೂ ಪ್ರಯೋಗದ ಹಂತದಲ್ಲಿತ್ತು. ರೊಸಾಲಿಂಡ್ ಈ ಮೂರನ್ನೂ ಕಂಡರು. ಕಾಯಿಲೆಯ ವಿಷಯವನ್ನು ಹೆಚ್ಚು ಜನಕ್ಕೆ ಹೇಳಲಿಲ್ಲ. ಪ್ರಯೋಗಾಲಯಕ್ಕೆ ಮಾತ್ರ ಬರುತ್ತಲೇ ಇದ್ದರು. 1956ರಲ್ಲಿ ಅವರ ಗುಂಪಿನಿಂದ 7 ಪ್ರಬಂಧ ಪ್ರಕಟವಾದವು, 1957ರಲ್ಲಿ 6. ಗುಂಪಿಗೆ ಹಣ ಸಿಗುವುದು ಕಷ್ಟವಾಗಿತ್ತು. ಬ್ರಿಟನ್ನಿನ ಕೃಷಿ ಸಂಶೋಧನಾ ಮಂಡಳಿ ಕೈಬಿಡುವ ಸೂಚನೆ ಬಂದಾಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಅರ್ಜಿ ಹಾಕಿ ಅನುದಾನ ತಂದರು. ತಾವಿಲ್ಲದಿದ್ದರೂ ಕ್ಲೂಗ್ ಮತ್ತು ಉಳಿದವರ ಸಂಬಳ ನಿಲ್ಲಬಾರದಲ್ಲ. ಇದೇ ಹೊತ್ತಿಗೆ ಪೋಲಿಯೊ ವೈರಸ್ಸಿನ ಕೆಲಸಕ್ಕೂ ಕೈ ಹಾಕಿದರು. ಪೋಲಿಯೊ ಮಕ್ಕಳನ್ನು ಕುಂಟಾಗಿಸುತ್ತಿದ್ದ ಕಾಲ, ಕಟ್ಟಡದಲ್ಲಿದ್ದವರಿಗೆ ಅದರ ಹರಳುಗಳೆಂದರೆ ಭಯ.

1958ರ ಜನವರಿಯಲ್ಲಿ ಮತ್ತೆ ಕೆಲಸಕ್ಕೆ ಬಂದರು, ಫೆಬ್ರವರಿಯಲ್ಲಿ ಬಡ್ತಿಯೂ ಸಿಕ್ಕಿತು. ಮಾರ್ಚ್ ಕೊನೆಯಲ್ಲಿ ಮತ್ತೆ ಹಾಸಿಗೆ ಹಿಡಿದರು. ಏಪ್ರಿಲ್ 16ರಂದು ತೀರಿಕೊಂಡರು. ಮರಣ ಪ್ರಮಾಣಪತ್ರದಲ್ಲಿ ಶ್ವಾಸಕೋಶದ ಸೋಂಕು, ಹರಡಿದ ಕ್ಯಾನ್ಸರ್, ಅದರ ಮೂಲ ಅಂಡಾಶಯ ಎಂದು ಬರೆದಿದೆ. ಮಾರನೇ ದಿನ ಬ್ರಸೆಲ್ಸ್‌ನಲ್ಲಿ ವಿಶ್ವ ಮೇಳ ಶುರುವಾಯಿತು. ಆಳೆತ್ತರದ ತಂಬಾಕು ವೈರಸ್ಸಿನ ಮಾದರಿಯೊಂದು ಅಲ್ಲಿ ನಿಂತಿತ್ತು. ಆ ಮೇಳಕ್ಕೆಂದು ಅದನ್ನು ಕಟ್ಟಿಸಿದವರು ರೊಸಾಲಿಂಡ್. ಉಯಿಲಿನಲ್ಲಿ ಕ್ಲೂಗ್‌ಗೆ 3,000 ಪೌಂಡ್ ಮತ್ತು ತಮ್ಮ ಆಸ್ಟಿನ್ ಕಾರು ಬಿಟ್ಟುಹೋಗಿದ್ದರು.

ಹಾಗಾದರೆ ಎಕ್ಸ್‌-ರೇ?

ವಿಕಿರಣ ಕ್ಯಾನ್ಸರ್ ತರಬಲ್ಲದು, ಅದರಲ್ಲಿ ಅನುಮಾನವಿಲ್ಲ. ಆ ಕಾಲದ ಪ್ರಯೋಗಾಲಯಗಳಲ್ಲಿ ಸುರಕ್ಷತೆಯ ನಿಯಮಗಳೂ ಸಡಿಲವಾಗಿದ್ದವು. ಆದರೆ ಎಕ್ಸ್‌-ರೇಯಿಂದಲೇ ಬಂತು ಎಂದು ಖಚಿತವಾಗಿ ಹೇಳಲು ಯಾವ ಪುರಾವೆಯೂ ಇಲ್ಲ. ಅದೇ ಯಂತ್ರದ ಪಕ್ಕ ನಿಂತು ಫೋಟೊ 51 ತೆಗೆದ ಗೊಸ್ಲಿಂಗ್ 88 ವರ್ಷ ಬದುಕಿದರು. ವಿಲ್ಕಿನ್ಸ್ 87. ಕ್ಲೂಗ್ 92. ಇದರಿಂದ ಎಕ್ಸ್‌-ರೇ ನಿರಪರಾಧಿ ಎಂದು ಸಾಬೀತಾಗುವುದಿಲ್ಲ. ನಮ್ಮ ತಾತ ದಿನಾ ಬೀಡಿ ಸೇದಿ ತೊಂಬತ್ತು ಬದುಕಿದರು ಎಂಬಂಥ ವಾದ ಅದು, ನಮಗೂ ಗೊತ್ತು. ಒಂದು ಸಾವನ್ನು ತೋರಿಸಿ ಎಕ್ಸ್‌-ರೇಯೇ ಕೊಂದಿತು ಎನ್ನುವುದೂ ಅದೇ ತೂಕದ ವಾದ.

ಈ ಮಾತಿನಿಂದ ಆಗುವ ತೊಂದರೆ ಬೇರೆ. ಇದನ್ನು ಓದಿದವರು ಡಾಕ್ಟರು ಎದೆಯ ಎಕ್ಸ್‌-ರೇ ಬರೆದುಕೊಟ್ಟರೂ ಹಿಂಜರಿಯುತ್ತಾರೆ. ಎದೆಯ ಒಂದು ಎಕ್ಸ್‌-ರೇಯಲ್ಲಿ ಸಿಗುವ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಮಣ್ಣು, ಬಂಡೆ, ಗಾಳಿ, ಆಕಾಶದಿಂದ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿಯೇ ಬರುತ್ತದೆ. ಅಂದರೆ ಒಂದು ಎಕ್ಸ್‌-ರೇ ಹೆಚ್ಚೆಂದರೆ ಎರಡು ವಾರ ಸುಮ್ಮನೆ ಬದುಕಿದ್ದಕ್ಕೆ ಸಮ.

ಇನ್ನೊಂದು ಸಾಧ್ಯತೆಯ ಕಡೆಗೆ ಇಂದಿನ ವೈದ್ಯರು ಹೆಚ್ಚು ಗಮನ ಕೊಡುತ್ತಾರೆ. ರೊಸಾಲಿಂಡ್ ಅವರ ಪೂರ್ವಜರು ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳು. ಆ ಸಮುದಾಯದಲ್ಲಿ ಸುಮಾರು 40 ಜನರಲ್ಲಿ ಒಬ್ಬರಿಗೆ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ದೋಷವಿರುತ್ತದೆ. ಅವರ ಕುಟುಂಬದಲ್ಲಿ ಇತರರೂ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. 36ನೇ ವಯಸ್ಸಿಗೇ ಅಂಡಾಶಯದ ಕ್ಯಾನ್ಸರ್ ಬಂದವರು ಇಂದು ಆಸ್ಪತ್ರೆಗೆ ಹೋದರೆ ವೈದ್ಯರು ಈ ವಂಶವಾಹಿಗಳ ಪರೀಕ್ಷೆ ಬರೆದುಕೊಡುತ್ತಾರೆ. ರೊಸಾಲಿಂಡ್ ಅವರಿಗೆ ಅಂಥ ಪರೀಕ್ಷೆ ನಡೆದಿಲ್ಲ, ನಡೆಯುವಂತೆಯೂ ಇರಲಿಲ್ಲ. ಬಿಆರ್‌ಸಿಎ1 ಎಲ್ಲಿದೆ ಎಂದು ಮೇರಿ-ಕ್ಲೇರ್ ಕಿಂಗ್ ತೋರಿಸಿದ್ದು 1990ರಲ್ಲಿ.

ಈ ವಂಶವಾಹಿಗಳ ಕೆಲಸವೇನು? ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ರಿಪೇರಿ ಮಾಡುವ ಪ್ರೊಟೀನ್‌ಗಳನ್ನು ಮಾಡಿಸುವುದು. ರಿಪೇರಿ ಸರಿಯಾಗದಿದ್ದರೆ ತಪ್ಪುಗಳು ಗುಡ್ಡೆಯಾಗುತ್ತ ಹೋಗುತ್ತವೆ, ಒಂದು ದಿನ ಕೋಶ ಹಿಡಿತ ತಪ್ಪುತ್ತದೆ. ಸಾಮಾನ್ಯ ಮಹಿಳೆಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ಬಿಆರ್‌ಸಿಎ1 ದೋಷವಿರುವವರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 44, ಬಿಆರ್‌ಸಿಎ2 ದೋಷವಿದ್ದರೆ ಸುಮಾರು 17. ಇದು ತಾಯಿಯ ಕಡೆಯಿಂದಷ್ಟೇ ಬರುತ್ತದೆ ಎಂಬ ನಂಬಿಕೆ ತಪ್ಪು. ತಂದೆಯಿಂದಲೂ ಅಷ್ಟೇ ಬರುತ್ತದೆ. ಹಾಗಾಗಿ ಕುಟುಂಬದ ಇತಿಹಾಸ ಕೇಳುವಾಗ ತಾಯಿ, ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮರಷ್ಟೇ ಅಲ್ಲ, ಸೋದರತ್ತೆಯರು ಮತ್ತು ಅಪ್ಪನ ತಾಯಿಯ ವಿಷಯವೂ ಹೇಳಬೇಕು. ನಮ್ಮಲ್ಲಿ ಹೆಂಗಸರ ಇಂಥ ಕಾಯಿಲೆಗಳನ್ನು ಮುಚ್ಚಿಡುವ ರೂಢಿಯಿದೆ. ಅತ್ತೆಗೆ ಹೊಟ್ಟೆಯಲ್ಲಿ ಏನೋ ಆಗಿತ್ತು ಎಂಬಲ್ಲಿಗೆ ಮಾತು ನಿಂತುಬಿಟ್ಟರೆ ಅವರ ಅಣ್ಣನ ಮಗಳಿಗೆ ತನ್ನ ಅಪಾಯ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಮುಂಚೆಯೇ ತಿಳಿದರೆ, ಮಕ್ಕಳಾದ ಮೇಲೆ ಅಂಡಾಶಯ ಮತ್ತು ಅಂಡನಾಳ ತೆಗೆಸಿಕೊಳ್ಳುವ ದಾರಿಯಿದೆ, ಅದು ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ.

ಚಿಕಿತ್ಸೆಯೂ ಬದಲಾಗಿದೆ. 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಮದ್ದು ಡಿಎನ್‌ಎಗೆ ಅಂಟಿಕೊಂಡು ಅದು ಬಿಚ್ಚಿಕೊಳ್ಳದಂತೆ ಮಾಡುತ್ತದೆ, ಕ್ಯಾನ್ಸರ್ ಕೋಶ ಇಬ್ಭಾಗವಾಗಲಾಗದೆ ಸಾಯುತ್ತದೆ. 2014ರಲ್ಲಿ ಬಂದ ಒಲಾಪರಿಬ್ ಇನ್ನೂ ಜಾಣತನದ್ದು. ಬಿಆರ್‌ಸಿಎ ಕೆಟ್ಟ ಕೋಶಕ್ಕೆ ರಿಪೇರಿಯ ಒಂದು ದಾರಿ ಆಗಲೇ ಮುಚ್ಚಿರುತ್ತದೆ, ಈ ಮದ್ದು ಇನ್ನೊಂದನ್ನೂ ಮುಚ್ಚುತ್ತದೆ. ಇವೆಲ್ಲ ಸಾಧ್ಯವಾದದ್ದು ಡಿಎನ್‌ಎಯ ರಚನೆ ಗೊತ್ತಾದ್ದರಿಂದ. ಗಡ್ಡೆ ಅಂಡಾಶಯದೊಳಗೇ ಇರುವಾಗ ಪತ್ತೆಯಾದರೆ 10ರಲ್ಲಿ 9ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಹಾಗೆ ದಾಟುವವರು ಮೂವರಲ್ಲಿ ಒಬ್ಬರು.

ನೊಬೆಲ್ ಮತ್ತು ಸಮಾಧಿಯ ಕಲ್ಲು

ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಬಂದದ್ದು 1962ರಲ್ಲಿ, ರೊಸಾಲಿಂಡ್ ತೀರಿಕೊಂಡ ನಾಲ್ಕು ವರ್ಷದ ನಂತರ. ಬದುಕಿದ್ದಾಗ ಹೆಸರು ಸೂಚಿಸದವರಿಗೆ ಸತ್ತ ಮೇಲೆ ಆ ಬಹುಮಾನ ಕೊಡುವಂತಿರಲಿಲ್ಲ. ಅವರ ಹೆಸರನ್ನು ಯಾರೂ ಎಂದೂ ಸೂಚಿಸಿರಲಿಲ್ಲ ಎಂದು ಈಗ ತೆರೆದಿರುವ ನೊಬೆಲ್ ದಾಖಲೆಗಳು ತೋರಿಸುತ್ತವೆ. ಅವರು ಬದುಕಿದ್ದಾಗ ವಾಟ್ಸನ್, ಕ್ರಿಕ್ ಅವರ ಹೆಸರನ್ನೂ ಡಿಎನ್‌ಎಗಾಗಿ ಯಾರೂ ಕಳಿಸಿರಲಿಲ್ಲ. ಡಿಎನ್‌ಎ ನಿಜಕ್ಕೂ ಆ ಮಾದರಿ ಹೇಳುವಂತೆಯೇ ನಕಲಾಗುತ್ತದೆ ಎಂದು ಮೆಸೆಲ್ಸನ್ ಮತ್ತು ಸ್ಟಾಲ್ ಅವರ ಪ್ರಯೋಗದ ವರದಿ ಪ್ರಕಟವಾದದ್ದೇ 1958ರಲ್ಲಿ, ರೊಸಾಲಿಂಡ್ ಹೋದ ಮೇಲೆ. ಆದ್ದರಿಂದ ನೊಬೆಲ್ ಕಸಿದುಕೊಂಡರು ಎಂಬ ಮಾತು ನಿಲ್ಲುವುದಿಲ್ಲ. 1968ರಲ್ಲಿ ವಾಟ್ಸನ್ ಬರೆದ ಡಬಲ್ ಹೆಲಿಕ್ಸ್ ಪುಸ್ತಕ ಅವರನ್ನು ಸಿಡುಕು ಸ್ವಭಾವದ, ತನ್ನ ಅಂಕಿಗಳ ಅರ್ಥ ತನಗೇ ತಿಳಿಯದ ಹೆಂಗಸಿನಂತೆ ಚಿತ್ರಿಸಿತು. ಇದಕ್ಕೆ ಮಾತ್ರ ಯಾವ ಸಮಜಾಯಿಷಿಯೂ ಇಲ್ಲ. ಉತ್ತರ ಕೊಡಲು ಅವರಿರಲಿಲ್ಲ. ಕ್ಲೂಗ್ ಅವರ ನೋಟ್‌ಬುಕ್‌ಗಳನ್ನು ತೆರೆದು, 1953ರ ಫೆಬ್ರವರಿಯ ಹೊತ್ತಿಗೆ ರೊಸಾಲಿಂಡ್ ಉತ್ತರಕ್ಕೆ ಎಷ್ಟು ಹತ್ತಿರ ಬಂದಿದ್ದರೆಂದು ಅದೇ ವರ್ಷ ನೇಚರ್‌ನಲ್ಲಿ ಬರೆದರು.

ಪೋಲಿಯೊ ವೈರಸ್ಸಿನ ರಚನೆಯ ಪ್ರಬಂಧವನ್ನು ಕ್ಲೂಗ್ ಮತ್ತು ಜಾನ್ ಫಿಂಚ್ 1959ರಲ್ಲಿ ಪ್ರಕಟಿಸಿ ರೊಸಾಲಿಂಡ್ ಅವರ ನೆನಪಿಗೆ ಅರ್ಪಿಸಿದರು. 1982ರಲ್ಲಿ ಕ್ಲೂಗ್‌ಗೆ ನೊಬೆಲ್ ಬಂತು. ಸ್ಟಾಕ್‌ಹೋಮಿನ ಭಾಷಣದಲ್ಲಿ ಅವರು ತಮ್ಮನ್ನು ವೈರಸ್ಸುಗಳ ಕೆಲಸಕ್ಕೆ ಕರೆತಂದ ರೊಸಾಲಿಂಡ್ ಅವರನ್ನು ನೆನೆದರು. ಲಂಡನ್ನಿನ ವಿಲ್ಸ್‌ಡನ್ ಯಹೂದಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಕಲ್ಲಿನ ಮೇಲೆ ಅವರೊಬ್ಬ ವಿಜ್ಞಾನಿ ಎಂದು ಬರೆದಿದೆ, ವೈರಸ್ಸುಗಳ ಮೇಲಿನ ಅವರ ಸಂಶೋಧನೆ ಮನುಕುಲಕ್ಕೆ ಉಪಕಾರಿ ಎಂಬ ಮಾತಿದೆ. ಡಿಎನ್‌ಎಯ ಹೆಸರು ಅದರಲ್ಲಿ ಎಲ್ಲೂ ಇಲ್ಲ.